ಕಾಫಿ 2

ಅಣ್ಣನ ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗ ಅಡುಗೆಯವರ ವಿಷಯ ಇರಬೇಕು ಅಂದುಕೊಂಡೆ. ದೊಡ್ಡಪ್ಪನ ವರ್ಷಾಂತಿಕಕ್ಕೆ ಇನ್ನು ಒಂದೂವರೆ ತಿಂಗಳಿತ್ತು. ನಮ್ಮ ಸಾಗರದ ಕಡೆ ಈಗ ಅಡುಗೆಯವರು ಸಿಗುವುದು ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಕ್ಕಷ್ಟೇ ಕಷ್ಟ. ಅವನು ಹೇಳಿದ್ದೇ ಬೇರೆ. "ಚಿಕ್ಕಪ್ಪ, ಅಜ್ಜನ ಧ್ವನಿ ವಾಪಸ್ ತರಬಹುದು" ಅಂದ. ದೊಡ್ಡಪ್ಪ ಯಾವುದೋ ಊರಲ್ಲಿ ತಾಳಮದ್ದಳೆಗೆ ಕೂತಾಗ ಯಾರೋ ರೆಕಾರ್ಡ್ ಮಾಡಿದ್ದ ಕ್ಯಾಸೆಟ್ಟು ಅವನಿಗೆ ಸಿಕ್ಕಿತ್ತು. ಕೃಷ್ಣಸಂಧಾನದ ಕೌರವ. ಒಂದೂವರೆ ಗಂಟೆ. "ಎಐಗೆ ಅಷ್ಟೆಲ್ಲ ಬೇಡ, ಮೂರ್ನಾಲ್ಕು ನಿಮಿಷ ಸಾಕು. ಅಟ್ಟದ ಮೇಲೆ ಅವರ ಲೆಕ್ಕದ ಪುಸ್ತಕ ಇದಾವಲ್ಲ, ಅದನ್ನ ಅವರ ಧ್ವನಿಯಲ್ಲೇ ಓದಿಸೋಣ. ವರ್ಷಾಂತಿಕದ ದಿನ ಊಟ ಆದ ಮೇಲೆ ಜಗುಲಿಯಲ್ಲಿ ಕೇಳಿಸೋಣ. ನೀವು ಒಂದಿಷ್ಟು ಪುಟ ಟೈಪ್ ಮಾಡಿ ಕಳಿಸಿ, ನಿಮಗೆ ಆ ಅಕ್ಷರ ಓದೋಕೆ ಬರ್ತದೆ." ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಬೇರೆಯವರ ಕೈಬರಹದ ಅಂಕಿ ಓದಿದವನು ನಾನು. ಇಲ್ಲ ಅನ್ನಲು ಕಾರಣ ಹೊಳೆಯಲಿಲ್ಲ. ಹೂಂ ಅನ್ನಲು ಮನಸ್ಸು ಬರಲಿಲ್ಲ. ನೋಡೋಣ ಅಂದೆ.

ಫೋನ್ ಇಡುವ ಮುಂಚೆ ಅವನೇ ಹೇಳಿದ, ನೆಟ್‌ಫ್ಲಿಕ್ಸಿನಲ್ಲಿ ಒಂದು ಸೀರೀಸ್ ಇದೆ, ನೋಡಿ, ನಾನು ಹೇಳ್ತಿರೋದು ಏನು ಅಂತ ಗೊತ್ತಾಗ್ತದೆ ಅಂತ. 'ದಿ ಆಂಡಿ ವಾರ್ಹಾಲ್ ಡೈರೀಸ್', ಅಮೆರಿಕದ ಚಿತ್ರಕಾರ ಆಂಡಿ ವಾರ್ಹಾಲನ ಡೈರಿಯ ಮೇಲೆ ಮಾಡಿದ್ದು. 2022ರಲ್ಲಿ ಬಂದದ್ದು, ಆರು ಕಂತು, ಆಂಡ್ರ್ಯೂ ರೋಸಿ ಎಂಬುವರ ನಿರ್ದೇಶನ. ಪಾಸ್‌ವರ್ಡ್ ಹೇಗೂ ಅವನದ್ದೇ. ಆಗಷ್ಟೇ ಮಳೆ ಹಿಡಿದಿತ್ತು. ಶಿವಮೊಗ್ಗದ ವಿನೋಬನಗರದ ಮನೆಯಲ್ಲಿ, ಕರೆಂಟು ಹೋಗುತ್ತಾ ಬರುತ್ತಾ, ಇನ್ವರ್ಟರ್ ಕೂಗುತ್ತಾ, ಆರು ರಾತ್ರಿ ನೋಡಿದೆ. ಹೆಂಡತಿ ಮೊದಲ ಕಂತಿಗೆ ಕೂತು, "ಈ ಮನುಷ್ಯ ಯಾಕೆ ಹೀಗೆ ಸಪ್ಪೆ ಮಾತಾಡ್ತಾನೆ" ಅಂತ ಎದ್ದು ಹೋದಳು. ಮಾತಾಡುತ್ತಿದ್ದದ್ದು ಆ ಮನುಷ್ಯ ಅಲ್ಲವೇ ಅಲ್ಲ. ವಾರ್ಹಾಲ್ ಸತ್ತದ್ದು 1987ರಲ್ಲಿ. ಡೈರಿಯನ್ನು ಬಿಲ್ ಅರ್ವಿನ್ ಎಂಬ ನಟ ಓದಿದ್ದಾರೆ, ಅದರ ಮೇಲೆ ಯಂತ್ರ ವಾರ್ಹಾಲನ ಧ್ವನಿಯನ್ನು ಹೊದಿಸಿದೆ. ವಾರ್ಹಾಲ್ ಫೌಂಡೇಶನ್ನಿನ ಒಪ್ಪಿಗೆ ಪಡೆದೇ ಮಾಡಿದ್ದು ಅಂತ ತೆರೆಯ ಮೇಲೆ ಬರೆದು ತೋರಿಸುತ್ತಾರೆ. ನಾನು ಯಂತ್ರ ಆಗಬೇಕು ಅಂತ 1963ರಲ್ಲೇ ಹೇಳಿಕೊಂಡಿದ್ದವನು ಕೊನೆಗೂ ಆದ, ಅಷ್ಟೇ. ಎರಡನೇ ಕಂತಿನ ಹೊತ್ತಿಗೆ ಅದು ಯಂತ್ರ ಅನ್ನುವುದು ನನಗೆ ಮರೆತೇ ಹೋಗಿತ್ತು. ಕಸಿವಿಸಿ ಶುರುವಾದದ್ದು ಅಲ್ಲಿಂದ.

ಸೂಪ್ ಡಬ್ಬಿಯ ಚಿತ್ರ, ಮರ್ಲಿನ್ ಮನ್ರೋ ಚಿತ್ರ ಎಲ್ಲ ನಿಮಗೆ ಗೊತ್ತಿರುವುದೇ. ನನ್ನನ್ನು ಹಿಡಿದು ಕೂರಿಸಿದ್ದು ಆ ಡೈರಿ ಹುಟ್ಟಿದ ರೀತಿ. ಅದು ಡೈರಿಯಾಗಿ ಶುರುವಾದದ್ದೇ ಅಲ್ಲ. ಲೆಕ್ಕವಾಗಿ ಶುರುವಾದದ್ದು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಮುಖಕ್ಕೆ ಹಸಿರು ಬಳಿದು, ಕೆಳಗೆ ಚುನಾವಣೆಯ ಎದುರಾಳಿ ಮೆಕ್‌ಗವರ್ನ್‌ಗೆ ವೋಟು ಹಾಕಿ ಅಂತ ಬರೆದ ಮೇಲೆ, ವರ್ಷ ವರ್ಷವೂ ತೆರಿಗೆಯವರು ವಾರ್ಹಾಲನ ಲೆಕ್ಕ ಕೇಳತೊಡಗಿದರು. ಎಲ್ಲಿ ಹೋದೆ, ಯಾಕೆ ಹೋದೆ, ಎಷ್ಟು ಖರ್ಚಾಯಿತು. ಅದಕ್ಕೇ 1976ರ ಕೊನೆಯಿಂದ ವಾರದ ದಿನಗಳಲ್ಲಿ ಬೆಳಿಗ್ಗೆ ಪ್ಯಾಟ್ ಹ್ಯಾಕೆಟ್ ಎಂಬಾಕೆಗೆ ಫೋನಿನಲ್ಲಿ ಹಿಂದಿನ ದಿನದ್ದನ್ನೆಲ್ಲ ಹೇಳುತ್ತಿದ್ದ. ಆಕೆ ಬರೆದುಕೊಂಡು, ಆಮೇಲೆ ಟೈಪ್ ಮಾಡಿ, ಹಾಳೆಯ ಹಿಂದೆ ರಸೀದಿಗಳನ್ನು ಪಿನ್ ಹೊಡೆದು ಇಡುತ್ತಿದ್ದರು. ಟ್ಯಾಕ್ಸಿಗೆ ನಾಲ್ಕು ಡಾಲರ್. ಪೇಪರಿಗೆ ಇಷ್ಟು. ಊಟಕ್ಕೆ ಅಷ್ಟು. ಹತ್ತು ವರ್ಷಕ್ಕೆ ಇಪ್ಪತ್ತು ಸಾವಿರ ಪುಟ. ಅದನ್ನು ಇಳಿಸಿ ಇಳಿಸಿ 1989ರಲ್ಲಿ ಎಂಟುನೂರು ಪುಟದ ಪುಸ್ತಕ ಮಾಡಿದರು. ಜಗತ್ತಿನ ದೊಡ್ಡ ದೊಡ್ಡ ಮಂದಿಯ ಪಾರ್ಟಿಗಳ ನಡುವೆ ಟ್ಯಾಕ್ಸಿ ಬಾಡಿಗೆ ಬಂದು ಕೂರುತ್ತದೆ. ನನಗೆ ತಕ್ಷಣ ದೊಡ್ಡಪ್ಪ ನೆನಪಾದದ್ದು ಇದಕ್ಕೇ.

ಇನ್ನೊಂದು ಜಾಗ ಇದೆ. ಪ್ಯಾರಾಮೌಂಟ್ ಸಿನಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜಾನ್ ಗೂಲ್ಡ್ ಎಂಬ ಹುಡುಗನ ಮೇಲೆ ವಾರ್ಹಾಲನಿಗೆ ಜೀವ. ಅದಕ್ಕೆ ಮುಂಚೆ ಹನ್ನೆರಡು ವರ್ಷ ಜೊತೆಗೇ ಬಾಳಿದ್ದ ಜೆಡ್ ಜಾನ್ಸನ್ ಮನೆ ಬಿಟ್ಟು ಹೋಗಿದ್ದ. (ಜೆಡ್‌ಗೂ ಅವಳಿ ಸಹೋದರ, ಜಾನ್‌ಗೂ ಅವಳಿ ಸಹೋದರ, ಆ ಇಬ್ಬರ ಹೆಸರೂ ಜೇ. ಕಥೆಯಲ್ಲಿ ಬರೆದರೆ ಯಾರೂ ನಂಬುವುದಿಲ್ಲ.) ತನ್ನ ಬಗ್ಗೆ ಡೈರಿಯಲ್ಲಿ ಬರುತ್ತಿದೆ ಅಂತ ಗೊತ್ತಾದಾಗ ಜಾನ್ ಸಿಟ್ಟಾದ. ಇನ್ನೊಂದು ಸಲ ನನ್ನ ಖಾಸಗಿ ವಿಷಯ ಅದರಲ್ಲಿ ಬಂದರೆ ನಿನ್ನನ್ನು ನೋಡುವುದೇ ಬಿಡುತ್ತೇನೆ ಅಂದ. ವಾರ್ಹಾಲ್ ಆ ಮಾತನ್ನೂ ಮರುದಿನ ಫೋನಿನಲ್ಲಿ ಹೇಳಿ ಬರೆಸಿದ್ದಾನೆ! ಇನ್ನು ಮೇಲೆ ಅವನ ವಿಷಯ ಬಂದರೆ ಬರೀ ವ್ಯವಹಾರದ್ದು, ಅವನು ಪ್ಯಾರಾಮೌಂಟಿನಲ್ಲಿ ಕೆಲಸ ಮಾಡುವ ಒಬ್ಬಾತ, ಅವನ ಜೊತೆ ಸಿನಿಮಾ ಮಾಡುವ ಯೋಚನೆ ಇದೆ, ಅಷ್ಟೇ ಅಂತ. 1986ರ ಸೆಪ್ಟೆಂಬರಿನಲ್ಲಿ ಜಾನ್ ಏಡ್ಸ್‌ನಿಂದ ಸತ್ತ. ಮೂವತ್ಮೂರು ವರ್ಷ. ಆ ಬಗ್ಗೆ ಡೈರಿಯಲ್ಲಿ ಅವನು ಹೇಳಿದ್ದು ಇಷ್ಟೇ: ಲಾಸ್ ಏಂಜಲಿಸ್‌ನಿಂದ ಬಂದ ಇನ್ನೊಂದು ಸುದ್ದಿಯನ್ನು ಡೈರಿ ತಾನೇ ಬರೆದುಕೊಳ್ಳಲಿ, ನನಗೆ ಅದರ ಮಾತು ಬೇಡ.

ಆ ಸಾಲನ್ನೂ ಯಂತ್ರ ಓದಿತು. ಎಷ್ಟು ಚೆನ್ನಾಗಿ ಓದಿತು ಅಂದರೆ ನಾನು ಟೀವಿ ನಿಲ್ಲಿಸಿ ಹೊರಗೆ ಬಂದು ಮಳೆ ನೋಡುತ್ತಾ ನಿಂತೆ. ಬಾಯಿ ಬಿಡಲು ಒಲ್ಲೆ ಅಂದವನ ಬಾಯಿಂದ, ಒಲ್ಲೆ ಅನ್ನುವುದನ್ನೇ ಹೇಳಿಸಿದ ಹಾಗಾಯಿತಲ್ಲ.

ಅಟ್ಟದ ಮೇಲೆ

ದೊಡ್ಡಪ್ಪ ಹೊರಗಿನವರಿಗೆ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತು ಪಾತ್ರದ ಮಾತಾಡುವವರು. ಸಾಗರ, ಸೊರಬ, ಹೊಸನಗರ, ಇತ್ತ ಸಿದ್ದಾಪುರದವರೆಗೆ ಜನ ಕರೆಯುತ್ತಿದ್ದರು. ಅಷ್ಟರ ಮಟ್ಟಿಗೆ ಹೆಸರಿದ್ದ ಕಲಾವಿದ ಅನ್ನಬಹುದು. ಕೌರವನ ಅರ್ಥ ಹೇಳಲು ಕೂತರೆ ಎದುರಿನ ಕೃಷ್ಣನಿಗೆ ಮಾತು ಸಿಗುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. "ನೀರು ಕಾದಿದೆಯಾ", "ಆಳು ಬಂದ್ರಾ", "ದನ ಬಂತಾ". ದೊಡ್ಡಮ್ಮ ಒಮ್ಮೆ ಹೇಳಿದ್ದರು, "ಇವರ ಮಾತು ಕೇಳಬೇಕು ಅಂದ್ರೆ ನಾನೂ ಜಮಖಾನದ ಮೇಲೆ ಹೋಗಿ ಕೂರಬೇಕು" ಅಂತ. ರಾತ್ರಿ ಊಟ ಆದ ಮೇಲೆ ಮೆತ್ತಿನ ಕಿಟಕಿ ಹತ್ತಿರ ಕೂತು ಲೆಕ್ಕ ಬರೆಯುವುದು ಅವರ ನೇಮ. ಉದ್ದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ವರ್ಷಕ್ಕೊಂದು. ಮೇಲಿನ ಬಲಮೂಲೆಯಲ್ಲಿ ಮಳೆ, ಮಿಲಿಮೀಟರಿನಲ್ಲಿ. ಅಂಗಳದ ಮಳೆಮಾಪಕ ನೋಡುವುದು ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ, ಅದರಲ್ಲಿ ಹಿಂದೆಮುಂದೆ ಇಲ್ಲ. ಅದರ ಕೆಳಗೆ ಕೆಲಸ: "ಕೊಳೆ ಔಷಧಿ, ಮೇಲಿನ ತೋಟ. ಮೈಲುತುತ್ತ 4 ಕೆ.ಜಿ., ಸುಣ್ಣ 4 ಕೆ.ಜಿ. ಆಳು 3." ಅದರ ಕೆಳಗೆ ಖರ್ಚು. ಸುಖ ಇಲ್ಲ, ದುಃಖ ಇಲ್ಲ. ನನ್ನ ಅಜ್ಜಿ, ಅಂದರೆ ಅವರ ತಾಯಿ, ತೀರಿಹೋದ ದಿನ ಇರುವುದು "ಸೌದೆ ಸ್ವಂತದ್ದು. ತುಪ್ಪ 2 ಕೆ.ಜಿ. ಭಟ್ಟರಿಗೆ 51-00."

ಹೋದ ವರ್ಷ ವೈಕುಂಠ ಸಮಾರಾಧನೆಯ ದಿನ, ಊಟ ಆಗಿ ಹಿರಿಯರೆಲ್ಲ ಒರಗಿದ ಹೊತ್ತಿಗೆ, ನಾವು ಆರೇಳು ಜನ ಅಣ್ಣತಮ್ಮಂದಿರು ಅಟ್ಟ ಹತ್ತಿದ್ದೆವು. ಯಾಕೆ ಹತ್ತಿದೆವೋ ಗೊತ್ತಿಲ್ಲ. ಸೂತಕ ಕಳೆದ ದಿನ ಒಂಥರಾ ಹಗುರ ಇರುತ್ತದೆ ಅಲ್ವಾ, ಸುಮ್ನೆ ನಗು ಬರುತ್ತದೆ. ಪುಸ್ತಕಗಳು ಹಳೇ ಟ್ರಂಕಿನಲ್ಲಿದ್ದವು. ಬೇವಿನ ಎಲೆ, ಕರ್ಪೂರ ಹಾಕಿ ಇಟ್ಟಿದ್ದರು, ಒರಲೆ ಮುಟ್ಟಿರಲಿಲ್ಲ. ನಮ್ಮಲ್ಲಿ ಒಬ್ಬ ದೊಡ್ಡಪ್ಪನ ಧ್ವನಿ ತೆಗೆಯುವುದರಲ್ಲಿ ನಿಪುಣ. ಚಿಕ್ಕಂದಿನಿಂದಲೂ ಹಾಗೇ. ಅವನು ಒಂದು ಪುಸ್ತಕ ಎತ್ತಿಕೊಂಡು, ಕಾಲು ಮಡಿಸಿ ಕೂತು, ಎಡಗೈಯನ್ನು ಮಂಡಿಯ ಮೇಲೆ ಇಟ್ಟು, ಕೌರವನ ಗತ್ತಿನಲ್ಲಿ ಶುರು ಮಾಡಿದ: "ಬೂಸಾ! ಎರಡು ಮೂಟೆ! ಎಪ್ಪತ್ತಾರು ರೂಪಾಯಿ!" ನಾವು ಬಿದ್ದು ಬಿದ್ದು ನಕ್ಕೆವು. ಅಳುತ್ತಲೂ ಇದ್ದೆವು ಅನ್ನಿ. ಧ್ವನಿ ಅಷ್ಟು ಸರಿಯಾಗಿತ್ತು.

ಹಾಗೇ ಓದುತ್ತಾ ಹೋದ. "ಗುರುವಾರ. ಶಿವಮೊಗ್ಗ. ಮಂಡಿ. ಬಸ್ಸು ಹೋಗಿ ಬಂದು 13-00. ಊಟ 4-00. ಕಾಫಿ 2, 1-60." ಪುಟ ತಿರುವಿದ. ಎರಡು ವಾರ ಬಿಟ್ಟು ಇನ್ನೊಂದು ಗುರುವಾರ. ಮಂಡಿ, ಬಸ್ಸು, ಊಟ 4-00, ಕಾಫಿ 2. ಮತ್ತೆ ಎರಡು ವಾರ ಬಿಟ್ಟು ಅದೇ. ಊಟ ಯಾವಾಗಲೂ ಒಂದು. ಕಾಫಿ ಯಾವಾಗಲೂ ಎರಡು. ಯಾರೋ ಬೇರೆ ವರ್ಷದ ಪುಸ್ತಕ ತೆಗೆದರು. ಅಲ್ಲೂ ಅದೇ. 1984ರಲ್ಲಿ ಶುರುವಾಗಿತ್ತು. "ಯಾರೋ ಇದ್ದಾರೆ ಮಾರಾಯ" ಅಂದ ಒಬ್ಬ. "ಮಂಡಿಯ ಸಾಹುಕಾರ ಇರಬೇಕು" ಅಂತ ಇನ್ನೊಬ್ಬ. "ಸಾಹುಕಾರ ಆದ್ರೆ ಅವನೇ ಕೊಡ್ತಿದ್ದ." "ದೊಡ್ಡಪ್ಪನೇ ಎರಡು ಕುಡಿದಿರಬಹುದು, ಮನೇಲಿ ದೊಡ್ಡಮ್ಮ ಒಂದೇ ಕೊಡೋದು." ನಗು ಜೋರಾಯಿತು. ಹುಡುಕುತ್ತಾ ಹೋದವರಿಗೆ 1991ರ ಪುಸ್ತಕ ಸಿಕ್ಕಿತು. ಆ ವರ್ಷ ಮಾರ್ಚಿನವರೆಗೆ ಕಾಫಿ 2. ಆಮೇಲೆ ಎರಡು ತಿಂಗಳು ಶಿವಮೊಗ್ಗವೇ ಇಲ್ಲ. ಜೂನಿನಲ್ಲಿ ಮತ್ತೆ ಮಂಡಿ, ಬಸ್ಸು, ಊಟ. ಕಾಫಿ 1.

ಧ್ವನಿ ತೆಗೆಯುತ್ತಿದ್ದವನು "ಕಾಫಿ ಒಂದು" ಅನ್ನುವಾಗ ಅವನಿಗೆ ಗೊತ್ತಿಲ್ಲದೆಯೇ ಗತ್ತು ಇಳಿದುಹೋಯಿತು. ಯಾರೂ ನಗಲಿಲ್ಲ. ಆಗ ನೋಡಿದರೆ ಏಣಿಯ ಮೇಲಿಂದ ದೊಡ್ಡಮ್ಮನ ತಲೆ ಕಾಣಿಸಿತು. ಎಂಬತ್ಮೂರು ವರ್ಷದವರು ಅದು ಹೇಗೆ ಹತ್ತಿದರೋ. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಎಂತದ್ರೋ ಅದು?" ಅಂದರು. "ಅವರು ಲೆಕ್ಕ ಬರೆಯುವಾಗ ಮಾತೇ ಆಡ್ತಿರಲಿಲ್ಲ. ಓದೋದಾದ್ರೆ ಬಾಯಿ ಮುಚ್ಚಿಕೊಂಡು ಓದಿ. ಕೆಳಗೆ ಚಾ ಆಗಿದೆ."

ವಾರ್ಹಾಲ್ ಸೀರೀಸ್ ನೋಡುತ್ತಾ ನಾನು ಮನಸ್ಸಿನಲ್ಲೇ ದೊಡ್ಡಪ್ಪನ ಸೀರೀಸ್ ತೆಗೆದುಬಿಟ್ಟೆ. ಮೊದಲು ಡ್ರೋನಿನಿಂದ ಅಡಿಕೆ ತೋಟ. ಮಂಜು. ಕೊಳಲು. ಮಲೆನಾಡು ಅಂದರೆ ಕೊಳಲು ಇರಲೇಬೇಕು ಅಂತ ಯಾರೋ ಕಾನೂನು ಮಾಡಿದ್ದಾರೆ. ಆಮೇಲೆ ದೊಡ್ಡಪ್ಪನ ಹಾಗೆ ಪಂಚೆ ಉಟ್ಟ ನಟ, ಬೆನ್ನು ಮಾತ್ರ ಕಾಣುವ ಹಾಗೆ, ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ. ಹೋಟೆಲಿನ ಮೇಜು. ಎರಡು ಲೋಟ. ಹಬೆ. ಎರಡನೇ ಲೋಟದ ಕಡೆಗೆ ಒಂದು ಕೈ ಬರುತ್ತದೆ, ಮುಖ ತೋರಿಸುವುದಿಲ್ಲ, ಬಳೆ ತೋರಿಸುತ್ತಾರೆ. ಅಲ್ಲಿಗೆ ಕಂತು ಮುಗಿಯುತ್ತದೆ. ಮುಂದಿನ ಕಂತಿನಲ್ಲಿ ನಾನು ಬರುತ್ತೇನೆ. ಪುಸ್ತಕದ ಕಪಾಟಿನ ಮುಂದೆ ಕೂತು, "ಅವರು ಒಂಟಿಯಾಗಿದ್ದರು ಅಂತ ನನಗೆ ಅನ್ನಿಸುತ್ತದೆ" ಅನ್ನುತ್ತೇನೆ. ನನಗೆ ಏನು ಗೊತ್ತು? ಆ ಕೈಗೆ ಬಳೆ ಇತ್ತು ಅಂತ ಯಾರು ಹೇಳಿದರು? ಒಂದು ಅಂಕಿ ಇದೆ. ಅದರ ಸುತ್ತ ಇರುವುದೆಲ್ಲ ನಮ್ಮ ಚಪಲ. ಆದರೂ ಹೇಳುತ್ತೇನೆ, ಅಂಥ ಸೀರೀಸ್ ಬಂದರೆ ನಾನೇ ಮೊದಲು ಕೂತು ನೋಡುತ್ತೇನೆ, ಆರೂ ಕಂತು.

ಚೌಕಿ

ವಾರ್ಹಾಲನ ಬಗ್ಗೆ ಒಂದು ಘಟನೆ. 1985ರ ಅಕ್ಟೋಬರ್ 30. ನ್ಯೂಯಾರ್ಕಿನ ಒಂದು ಪುಸ್ತಕದಂಗಡಿ. ಹೊಸ ಪುಸ್ತಕಕ್ಕೆ ಸಹಿ ಹಾಕಲು ಕೂತಿದ್ದಾನೆ, ಜನ ಸಾಲಿನಲ್ಲಿದ್ದಾರೆ. ಸಾಲಿನಲ್ಲಿ ಬಂದ ಒಬ್ಬ ಹುಡುಗಿ ಪುಸ್ತಕ ಕೊಡುವ ಹಾಗೆ ಮಾಡಿ ಅವನ ತಲೆಯ ಮೇಲಿನ ಬೆಳ್ಳಿ ಬಣ್ಣದ ವಿಗ್ಗನ್ನು ಕಿತ್ತು ಎಸೆದಳು. ಅವನು ಕೂಗಲಿಲ್ಲ, ಏಳಲಿಲ್ಲ. ಕೋಟಿಗೆ ಟೋಪಿ ಇತ್ತು, ಅದನ್ನು ತಲೆಯ ಮೇಲೆ ಎಳೆದುಕೊಂಡು ಮುಂದಿನವರಿಗೆ ಸಹಿ ಹಾಕಿದ. 1968ರಲ್ಲಿ ಗುಂಡು ಹೊಡೆಸಿಕೊಂಡು ಬದುಕಿದ ಮನುಷ್ಯ. ಗುಂಡೇಟಿನಷ್ಟೇ ನೋವಾಯಿತು ಅನ್ನುವ ಹಾಗೆ ಡೈರಿಯಲ್ಲಿ ಹೇಳಿಕೊಂಡಿದ್ದಾನೆ. ಅದನ್ನು ಹೇಳಲೂ ಅವನಿಗೆ ಎರಡು ಮೂರು ದಿನ ಬೇಕಾಯಿತು.

ನಾನೂ ಒಮ್ಮೆ ವಿಗ್ಗು ಕಿತ್ತಿದ್ದೇನೆ. ಕೈಯಿಂದ ಅಲ್ಲ, ಕಣ್ಣಿಂದ. ಒಂಬತ್ತು ವರ್ಷ ಇರಬೇಕು, 1983. ನಮ್ಮೂರ ಶಾಲೆ ಬಯಲಿನಲ್ಲಿ ಬಯಲಾಟ, ನಳ ದಮಯಂತಿ. ದೊಡ್ಡಪ್ಪನ ಜೊತೆ ಕಂಬಳಿ ಹೊದ್ದು ಕೂತಿದ್ದೆ. ಕಾಡಿನಲ್ಲಿ ನಳ ಬಿಟ್ಟುಹೋದಾಗ ದಮಯಂತಿ ಅತ್ತದ್ದು ನೋಡಿ ನನಗೆ ಎದೆ ಹಿಂಡಿತ್ತು. ಮಂಗಳ ಹಾಡುವ ಹೊತ್ತಿಗೆ ಬೆಳಕು ಹರಿದಿತ್ತು. ದಮಯಂತಿಯನ್ನು ಹತ್ತಿರದಿಂದ ನೋಡಬೇಕು ಅಂತ ವೇಷ ಕಟ್ಟುವ ಚೌಕಿಯ ಹಿಂದೆ ಹೋಗಿ ಸೋಗೆ ಸರಿಸಿ ಇಣುಕಿದೆ. ಪೆಟಾರಿಗೆಯ ಮೇಲೆ ಒಬ್ಬ ಗಂಡಸು ಕೂತಿದ್ದ. ಸೀರೆ ಇನ್ನೂ ಮೈಮೇಲಿದೆ. ಚೌರಿ ಬಿಚ್ಚಿ ಪಕ್ಕದಲ್ಲಿಟ್ಟಿದ್ದಾನೆ, ಅದು ಸತ್ತ ಪ್ರಾಣಿಯ ಹಾಗೆ ಬಿದ್ದಿದೆ. ನೆತ್ತಿ ಬೋಳು. ಬಾಯಲ್ಲಿ ಬೀಡಿ. ಅಂಗೈಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಅರ್ಧ ಮುಖ ಒರೆಸಿದ್ದ. ಒರೆಸಿದ ಅರ್ಧದಲ್ಲಿ ಕುರುಚಲು ಗಡ್ಡ, ಒರೆಸದ ಅರ್ಧದಲ್ಲಿ ದಮಯಂತಿ. ಕೈಕನ್ನಡಿಯಲ್ಲಿ ನನ್ನನ್ನು ನೋಡಿದ. ನಗಲಿಲ್ಲ, ಬೈಯಲೂ ಇಲ್ಲ. ಕನ್ನಡಿಯನ್ನು ಮೆಲ್ಲಗೆ ಆಚೆ ತಿರುಗಿಸಿಕೊಂಡ, ಅಷ್ಟೇ.

ಹಿಂದಿನಿಂದ ಭುಜದ ಮೇಲೆ ಕೈ ಬಿತ್ತು. ದೊಡ್ಡಪ್ಪ. ಹೊಡೆಯುತ್ತಾರೆ ಅಂದುಕೊಂಡೆ. "ಬಾರೋ ಅಪ್ಪಿ, ಚಾ ಕುಡಿಯಣ" ಅಂದರು. ಸ್ವಲ್ಪ ಹೊತ್ತಿಗೆ ಆತನೂ ಲುಂಗಿ ಅಂಗಿ ಹಾಕಿಕೊಂಡು ಅದೇ ಚಾ ಅಂಗಡಿಗೆ ಬಂದ. ಕಿವಿಯ ಹಿಂದೆ ಇನ್ನೂ ಒಂದಿಷ್ಟು ಬಣ್ಣ. ದೊಡ್ಡಪ್ಪ ಬೆಂಚಿನಲ್ಲಿ ಜಾಗ ಬಿಟ್ಟು, "ಬನ್ನಿ ಬನ್ನಿ, ಕೂರಿ" ಅಂದರು. ಇಬ್ಬರೂ ಯಾವುದೋ ಪದ್ಯದ ಬಗ್ಗೆ, ಭಾಗವತರು ಅದನ್ನು ಎತ್ತಿಕೊಂಡ ರಾಗದ ಬಗ್ಗೆ ಮಾತಾಡಿದರು. ನಾನು ಲೋಟದೊಳಗೆ ಮುಖ ಹಾಕಿ ಕೂತಿದ್ದೆ. ಆ ಮನುಷ್ಯನ ಮುಖ ನನಗೆ ಈಗ ನೆನಪಿಲ್ಲ. ಕನ್ನಡಿ ತಿರುಗಿದ್ದು ನೆನಪಿದೆ.

ಆ ಸೀರೀಸ್ ಮಾಡುವುದು ಇದನ್ನೇನಾ, ಸೋಗೆ ಸರಿಸಿ ಇಣುಕುವುದನ್ನು? ಮೂರು ರಾತ್ರಿ ಹೌದು ಅನ್ನಿಸಿತು. ಆಮೇಲೆ ಅಷ್ಟು ಸುಲಭ ಅಲ್ಲ ಅನ್ನಿಸಿತು. ವಾರ್ಹಾಲ್ ತಾನೇನು ಪಾಪದವನಲ್ಲ. ಎಲ್ಲಿ ಹೋದರೂ ಟೇಪ್ ರೆಕಾರ್ಡರ್, ಬೇರೆಯವರ ಮಾತೆಲ್ಲ ಅದರೊಳಗೆ. ಕೈಗೆ ಸಿಕ್ಕಿದ ಕಾಗದ, ಬಿಲ್ಲು, ಟಿಕೆಟ್ಟು ಎಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಅಂಟು ಹಾಕಿಟ್ಟ. 610 ಪೆಟ್ಟಿಗೆ, ಈಗಲೂ ಪಿಟ್ಸ್‌ಬರ್ಗಿನ ಮ್ಯೂಸಿಯಂನಲ್ಲಿವೆ. ಅಂದರೆ ನಮ್ಮ ಅಟ್ಟ ಇದ್ದ ಹಾಗೆ, ಸ್ವಲ್ಪ ಜಾಸ್ತಿ ಬೆಲೆಯದ್ದು. ತೆರೆದು ನೋಡಲಿ ಅಂತಲೇ ಇಟ್ಟವನು ಅವನು. ಮತ್ತೆ, ಸೀರೀಸ್ ನೋಡದಿದ್ದರೆ ನನಗೆ ಅವನು ಸೂಪ್ ಡಬ್ಬಿಯವನಾಗಿಯೇ ಉಳಿಯುತ್ತಿದ್ದ. ಅಪ್ಪ ಅಮ್ಮ ಈಗಿನ ಸ್ಲೊವಾಕಿಯಾದ ಒಂದು ಹಳ್ಳಿಯಿಂದ ಬಂದ ಬಡವರು, ಅಮ್ಮ ಜೂಲಿಯಾ ಇಪ್ಪತ್ತು ವರ್ಷ ನ್ಯೂಯಾರ್ಕಿನಲ್ಲಿ ಮಗನ ಜೊತೆಗೇ ಇದ್ದಳು, ಅವಳ ಅಂಕುಡೊಂಕು ಅಕ್ಷರ ಚೆಂದ ಅಂತ ಮಗ ತನ್ನ ಚಿತ್ರಗಳಿಗೆ ಅವಳ ಕೈಯಿಂದಲೇ ಬರೆಸುತ್ತಿದ್ದ, ದಿನಾ ಚರ್ಚಿಗೆ ಹೋಗುತ್ತಿದ್ದ, ಹಬ್ಬದ ದಿನ ಮನೆಮಠ ಇಲ್ಲದವರಿಗೆ ಊಟ ಬಡಿಸಲು ಹೋಗುತ್ತಿದ್ದ, ಇವೆಲ್ಲ ಸೇರಿದ ಮೇಲೆ ಮನುಷ್ಯ ಬೇರೆಯೇ ಆಗುತ್ತಾನೆ. 1972ರಲ್ಲಿ ಆ ಅಮ್ಮ ಸತ್ತಾಗ ಮಾತ್ರ ಅಂತ್ಯಕ್ರಿಯೆಗೆ ಹೋಗಲಿಲ್ಲ. ಯಾರಾದರೂ ಕೇಳಿದರೆ, ಅಮ್ಮ ಅಂಗಡಿಗೆ ಹೋಗಿದ್ದಾಳೆ ಅನ್ನುತ್ತಿದ್ದನಂತೆ.

ಬೆಂಗಳೂರಿನಿಂದ ನೆಂಟರು ಬಂದಾಗಲೆಲ್ಲ ಕುಪ್ಪಳಿಗೆ ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ಕವಿಮನೆಯ ಅಡುಗೆಮನೆಯಲ್ಲಿ ಪಾತ್ರೆಗಳ ಮುಂದೆ ನಿಂತಾಗ ನನಗೆ ಯಾವತ್ತೂ ಮುಜುಗರ ಆಗಿಲ್ಲ. ಯಾರೋ ನೀರು ಕೊಡುತ್ತಾರೆ ಅನ್ನಿಸುತ್ತದೆ. ಅಲ್ಲಿ ಪಾತ್ರೆ ಇವೆ, ಅವು ಸುಮ್ಮನಿವೆ. ಯಾರೂ ಅವುಗಳ ಪರವಾಗಿ ಮಾತಾಡುವುದಿಲ್ಲ.

ಸೀರೀಸಿನಲ್ಲಿ ನನಗೆ ನುಂಗಲಾಗದೆ ಉಳಿದದ್ದು ಒಂದು ತಟ್ಟೆಯ ವಿಷಯ. 1984ರ ಫೆಬ್ರವರಿಯಲ್ಲಿ ಜಾನ್‌ಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿದ. ಆಸ್ಪತ್ರೆ ಅಂದರೆ ಜೀವ ಹಾರುತ್ತಿದ್ದ ವಾರ್ಹಾಲ್ ದಿನಾ ಹೋಗಿ ಅವನ ಹತ್ತಿರ ಕೂತ. ಮಾರ್ಚ್ 7ಕ್ಕೆ ಜಾನ್ ಮನೆಗೆ ಬಂದ. ಅದೇ ದಿನ ವಾರ್ಹಾಲ್ ಮನೆಕೆಲಸದವರಿಗೆ ಹೇಳಿದ, ಇನ್ನು ಮೇಲೆ ಜಾನ್ ತಟ್ಟೆ, ಬಟ್ಟೆ ಬೇರೆ ತೊಳೆಯಿರಿ ಅಂತ. ಇದು ಡೈರಿಯಲ್ಲಿ ಅವನು ಹೇಳಿದ್ದಲ್ಲ. ಪುಸ್ತಕ ಮಾಡುವಾಗ ಹ್ಯಾಕೆಟ್ ತಾವೇ ಟಿಪ್ಪಣಿಯಾಗಿ ಸೇರಿಸಿದ್ದು. ಬೇರೆ ತಟ್ಟೆ ಅಂದರೆ ಏನು ಅಂತ ನಮ್ಮ ಊರುಗಳಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಹಿತ್ತಿಲ ಗೋಡೆಗೆ ಸಿಕ್ಕಿಸಿಟ್ಟ ಅಲ್ಯುಮಿನಿಯಂ ತಟ್ಟೆ, ಕವುಚಿ ಹಾಕಿದ ಲೋಟ, ಮೇಲಿಂದ ಎತ್ತಿ ಹೊಯ್ಯುವ ಚಾ, ಎಲ್ಲ ನೋಡಿ ಬೆಳೆದವರು ನಾವು. ಕಾಯಿಲೆಗೂ ಬೇರೆ ತಟ್ಟೆ, ಜಾತಿಗೂ ಬೇರೆ ತಟ್ಟೆ. ಒಂದು ತಿಂಗಳು ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಕೂತ ಪ್ರೀತಿಯೂ ನಿಜ, ಮನೆಗೆ ಬಂದ ದಿನವೇ ಬೇರೆಯಾದ ತಟ್ಟೆಯೂ ನಿಜ. ವಾರ್ಹಾಲ್ ಇದನ್ನು ಹೇಳದೆ ಮುಚ್ಚಿಟ್ಟ. ಹ್ಯಾಕೆಟ್ ಹೇಳಿದ್ದು ಒಳ್ಳೆಯದೋ ಕೆಟ್ಟದ್ದೋ? ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಆಕೆ ತನ್ನ ಹೆಸರಿನಲ್ಲಿ, ತನ್ನ ಧ್ವನಿಯಲ್ಲಿ, ಬದಿಯಲ್ಲಿ ನಿಂತು ಹೇಳಿದರು. ವಾರ್ಹಾಲನ ಬಾಯಿಂದ ಹೇಳಿಸಲಿಲ್ಲ.

ಟೈಪ್ ಮಾಡಿದ್ದು

ಕೊನೆಗೆ ನಾನು ಹೂಂ ಅಂದೆ. ಹುಡುಗನ ಉತ್ಸಾಹಕ್ಕೆ ತಣ್ಣೀರು ಎರಚಲು ಆಗಲಿಲ್ಲ. ಮತ್ತೆ, ಸುಳ್ಳು ಯಾಕೆ, ಆ ಧ್ವನಿ ಇನ್ನೊಮ್ಮೆ ಕೇಳುವ ಆಸೆ ನನಗೂ ಇತ್ತು. ಆದರೆ ಏನು ಓದಬೇಕು ಅನ್ನುವುದು ನನ್ನ ಕೈಲಿದೆ ಅಂತ ಸಮಾಧಾನ ಮಾಡಿಕೊಂಡೆ. ಅಣ್ಣನಿಗೆ ಹೇಳಿ 1983 ಮತ್ತು 1988, ಎರಡು ವರ್ಷದ ಪುಸ್ತಕಗಳ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಂಡೆ. 1983 ನನ್ನ ಸ್ವಂತ ಚಪಲಕ್ಕೆ. ಆ ಬಯಲಾಟದ ಮರುದಿನ ಹುಡುಕಿದೆ. ಸಿಕ್ಕಿತು. "ಆಟ. ಚಾ 3, 1-20. ಅಪ್ಪಿಗೆ ಬನ್ 0-40." ಬನ್ನು ತಿಂದದ್ದು ನನಗೆ ನೆನಪೇ ಇರಲಿಲ್ಲ.

1988ರ ಮಳೆಗಾಲವನ್ನು ಟೈಪ್ ಮಾಡಿದೆ. ಮಳೆ ಮತ್ತು ತೋಟದ ಕೆಲಸ ಮಾತ್ರ. ಖರ್ಚಿನ ಸಾಲುಗಳನ್ನೆಲ್ಲ ಬಿಟ್ಟೆ. ಗುರುವಾರಗಳನ್ನಂತೂ ಪೂರ್ತಿ ಹಾರಿಸಿದೆ, ಫೋಟೋ ತೆರೆಯಲೂ ಇಲ್ಲ. ಬೆರಳು ಜಾರಿ ಒಂದು ಕಾಫಿ ಹೋಗಿಬಿಟ್ಟರೆ? ಜಗುಲಿಯಲ್ಲಿ ಊರವರೆಲ್ಲ ಇರುತ್ತಾರೆ, ದೊಡ್ಡಮ್ಮ ಇರುತ್ತಾರೆ. ದೊಡ್ಡಪ್ಪನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡೆ. ದೊಡ್ಡಮ್ಮನನ್ನು ಕಾಪಾಡುತ್ತಿದ್ದೇನೆ ಅಂತಲೂ ಅಂದುಕೊಂಡೆ.

ವರ್ಷಾಂತಿಕದ ದಿನ ಮಳೆ ಬಿಟ್ಟಿರಲಿಲ್ಲ. ಊಟ ಆಗಿ, ಎಲೆಯಡಿಕೆ ತಟ್ಟೆ ಒಂದು ಸುತ್ತು ಬಂದ ಮೇಲೆ ಹುಡುಗ ಪುಟ್ಟ ಸ್ಪೀಕರನ್ನು ಕಂಬದ ಬುಡದಲ್ಲಿಟ್ಟ. "ಜೂನ್ 12, ಭಾನುವಾರ. ಮಳೆ 41." ಜಗುಲಿ ಗಪ್‌ಚಿಪ್ಪಾಯಿತು. ಅದು ದೊಡ್ಡಪ್ಪನೇ. ಕೌರವನ ಗತ್ತು ತೆಗೆದ ದೊಡ್ಡಪ್ಪ. ಹಾಗೆ ಅವರು ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. "ಜುಲೈ 5, ಮಂಗಳವಾರ. ಮಳೆ 88. ಪುನರ್ವಸು. ಕೊಟ್ಟೆ ಕಟ್ಟಿದ್ದು, ಕೆಳಗಿನ ತೋಟ." "ಜುಲೈ 6, ಬುಧವಾರ. ಮಳೆ 112. ಹಳ್ಳ ತುಂಬಿದೆ." "ಜುಲೈ 8, ಶುಕ್ರವಾರ." ಹೀಗೆ ಆರು ನಿಮಿಷ. ಅಣ್ಣ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡ. ನಾನು ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದೆ. ಅವರು ಅಡಿಕೆ ಹೋಳು ಆರಿಸುತ್ತಾ, ಬೇರೆ ಯಾರದ್ದೋ ಸುದ್ದಿ ಕೇಳುವ ಹಾಗೆ ಕೇಳಿದರು. ಮುಗಿದ ಮೇಲೆ ಕೇಳಿದರು, "ಬುಧವಾರ ಆದ ಮೇಲೆ ಶುಕ್ರವಾರ ಬಂತಲ್ಲ?"

ಹುಡುಗ ನನ್ನ ಮುಖ ನೋಡಿದ. ನಾನು, "ಏನೋ ಪುಟ ಸರಿಯಾಗಿ ಕಾಣಲಿಲ್ಲ ದೊಡ್ಡಮ್ಮ" ಅಂತ ಏನೋ ಹೇಳಿದೆ.

"ಗುರುವಾರ ಇವರು ಆರೂವರೆ ಬಸ್ಸಿಗೇ ಹೋಗೋರು. ಎಂಟೂವರೆಗೆ ಮಳೆ ನೋಡಿ ಬರೆಯೋದು ನಾನು" ಅಂದರು. "ನಂದು ಬಿಟ್ಟಿದ್ದೀರಿ."

ಅಷ್ಟು ಹೇಳಿ, ಹಾಲು ಕಾಸಲು ಎದ್ದು ಒಳಗೆ ಹೋದರು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಆ ಫೋಟೋಗಳನ್ನು ತೆಗೆದೆ. 1988ರ ಜುಲೈ 7. ಕೆಳಗೆ ದೊಡ್ಡಪ್ಪನ ಓರೆ ಅಕ್ಷರ, ಶಿವಮೊಗ್ಗ, ಮಂಡಿ, ಬಸ್ಸು, ಊಟ, ಕಾಫಿ 2. ಮೇಲೆ ಬಲಮೂಲೆಯಲ್ಲಿ, ಶಾಲೆಯ ಪಾಟಿಯ ಮೇಲೆ ತಿದ್ದಿದ ಹಾಗೆ ದುಂಡಗೆ, ಕನ್ನಡದ ಅಂಕಿಯಲ್ಲಿ, ೯೪. ಮುಂದಿನ ಶಿವಮೊಗ್ಗದ ಗುರುವಾರ ತೆಗೆದೆ. ಅಲ್ಲೂ ಕಾಫಿ 2. ಮೇಲೆ ೬೩.